ಟಿಲ್‌ಬರ್ಗಿನ ಪೂರ್ಣಕುಂಭ

ಕನ್ನಡದಲ್ಲಿ ‘ಗೊತ್ತಿಲ್ಲ’ ಎಂಬ ಬಹಳ ಒಳ್ಳೆಯ ಮಾತೊಂದಿದೆ. ಹೇಳಲು ಖರ್ಚಿಲ್ಲ, ನಾಲಿಗೆಗೆ ಶ್ರಮವಿಲ್ಲ, ಹೇಳಿದ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಇಷ್ಟೆಲ್ಲ ಅನುಕೂಲವಿರುವ ಈ ಮಾತನ್ನು ನಮ್ಮ ಮಹಾಬಲೇಶ್ವರ ಹುಟ್ಟಿದಾಗಿನಿಂದ ಒಂದು ಸಲವೂ ಬಳಸಿದವನಲ್ಲ. ಮೈಸೂರಿನಲ್ಲಿದ್ದಾಗ ಯಾರಾದರೂ ದಾರಿ ಕೇಳಿದರೆ, ಗೊತ್ತಿರಲಿ ಬಿಡಲಿ, ಕೈ ಚಾಚಿ ತೋರಿಸಿಬಿಡುತ್ತಿದ್ದ. ಸರಸ್ವತಿಪುರಂ ಕೇಳಿದವರು ನಜರಬಾದಿನಲ್ಲಿ ನಿಂತು ಅವನನ್ನು ಬಾಯ್ತುಂಬ ನೆನೆಸಿಕೊಂಡದ್ದುಂಟು.

ಅಂಥವನು ಹೆಂಡತಿ ಮೈಥಿಲಿ, ಏಳು ವರ್ಷದ ಮಗಳು ಇಂಚರಾ ಸಮೇತ ನೆದರ್‌ಲೆಂಡ್ಸಿನ ಟಿಲ್‌ಬರ್ಗಿಗೆ ಬಂದ. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಲೋಕದ ಕಂಪ್ಯೂಟರುಗಳಿಗೆಲ್ಲ ಅರಳುಮರಳಾಗುತ್ತದೆ ಎಂದು ದೊಡ್ಡ ದೊಡ್ಡ ಕಂಪನಿಗಳು ಬೆದರಿ ಕೂತಿದ್ದ ಕಾಲ ಅದು. ಆ ಬೆದರಿಕೆಯ ಪುಣ್ಯದಿಂದ ನಮ್ಮ ಕಡೆಯ ಎಷ್ಟೋ ಸಂಸಾರಗಳು ವಿಮಾನ ಹತ್ತಿದವು. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಿದ್ದರು. ಸಂಜೆಯ ಡಚ್ ತರಗತಿಗೆ ಮಹಾಬಲೇಶ್ವರ ಎರಡು ಸಲ ಹೋದ. ಗಂಟಲಿನ ಕಫ ಕೆರೆದಂತೆ ಉಚ್ಚರಿಸಬೇಕಾದ ಒಂದು ಅಕ್ಷರ ಎದುರಾದದ್ದೇ ತಡ, ಅಲ್ಲಿಗೆ ಮಂಗಳ ಹಾಡಿದ. ಆದರೆ ಮೈಸೂರಿನಿಂದ ಫೋನು ಬಂದಾಗಲೆಲ್ಲ, “ಡಚ್ಚಾ? ಅದೇನು ಮಹಾ ವಿದ್ಯೆ? ನೀರು ಕುಡಿದ ಹಾಗೆ ಮಾತಾಡ್ತೀನಿ” ಎನ್ನುತ್ತಿದ್ದ.

ಈ ಮಾತನ್ನು ನಂಬಿದವರು ಅವನ ಅತ್ತೆ ಚಂದ್ರಪ್ರಭಮ್ಮ. ಮೂರು ತಿಂಗಳ ಮಟ್ಟಿಗೆ ಮಗಳ ಮನೆಗೆಂದು ಬಂದರು. ಬಂದ ದಿನವೇ ಕಾಫಿಗೆ ಅಳಿಯ ಅಂಗಡಿಯಿಂದ ತಂದ ಹಾಲಿನ ಡಬ್ಬ ಹಾಲಿನದಾಗಿರಲಿಲ್ಲ, ಮಜ್ಜಿಗೆಯದು. ಡಿಕಾಕ್ಷನ್ನಿಗೆ ಹಾಕಿದ್ದೇ ತಡ, ಮೈಸೂರಿನಿಂದ ಹೊತ್ತು ತಂದಿದ್ದ ಕಾಫಿಪುಡಿಯ ಸಂಸಾರ ಮೊಸರು ಮೊಸರಾಗಿ ಒಡೆಯಿತು.

“ಏನ್ರೀ ಇದು?” ಎಂದಳು ಮೈಥಿಲಿ.

“ಚಳಿ ದೇಶದ ಹಸು. ಅದರ ಹಾಲು ಬಿಸಿ ತಾಗಿದ್ರೆ ಬೆಚ್ಚಿಬೀಳುತ್ತೆ” ಎಂದ ಮಹಾಬಲೇಶ್ವರ.

ಚಂದ್ರಪ್ರಭಮ್ಮ ಅಳಿಯನನ್ನೊಮ್ಮೆ ನೋಡಿದರು, ಲೋಟವನ್ನೊಮ್ಮೆ ನೋಡಿದರು. ಮರುದಿನದಿಂದ ಆ ಡಬ್ಬಕ್ಕೆ ಇಂಗು ಕರಿಬೇವಿನ ಒಗ್ಗರಣೆ ಹಾಕಿ ಕುಡಿಯತೊಡಗಿದರು.

ಇಲ್ಲಿಯವರೆಗೆ ಎಲ್ಲವೂ ಸುಖವಾಗಿತ್ತು. ಕಷ್ಟ ಬಂದದ್ದು ಅವರು ಹೊರಡಲು ವಾರವಿದ್ದಾಗ. ಫೆಬ್ರವರಿಯ ಒಂದು ಶುಕ್ರವಾರ, ಅವರೇಕಾಳು ಸಿಗದ ಊರಲ್ಲಿ ಬಟಾಣಿ ಉಪ್ಪಿಟ್ಟು ತಿನ್ನುತ್ತ ಕೂತಿದ್ದಾಗ, ಆಕೆ ತಟ್ಟೆ ಕೆಳಗಿಟ್ಟರು.

“ಮೈಥಿಲೀ, ಇಂಚರಾನ ನಾನು ಮೈಸೂರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೇ ಸ್ಕೂಲಿಗೆ ಹಾಕೋಣ.”

ಮಹಾಬಲೇಶ್ವರ ಬಾಯಿಗೆತ್ತಿದ್ದ ಉಪ್ಪಿಟ್ಟನ್ನು ತಟ್ಟೆಗೆ ಇಳಿಸಿದ.

“ಯಾಕತ್ತೆ?”

“ಯಾಕೆ ಅಂದ್ರೆ? ನಾನು ಬಂದು ಇಷ್ಟು ದಿನ ಆಯ್ತು. ಈ ಊರಲ್ಲಿ ಒಂದು ಹಬ್ಬ ಇಲ್ಲ ಹುಣ್ಣಿಮೆ ಇಲ್ಲ. ಬೀದೀಲಿ ಒಂದು ಹಾಡಿಲ್ಲ, ಒಂದು ಓಲಗ ಇಲ್ಲ. ಐದು ಗಂಟೆಗೆ ಬಾಗಿಲು ಹಾಕ್ಕೊಂಡು ಪರದೆ ಮಾತ್ರ ತೆಗೆದಿಟ್ಟು ಕೂತ್ಕೋತಾರೆ. ನಾಡಿದ್ದು ಭಾನುವಾರ ಶಿವರಾತ್ರಿ. ಈ ಮಗೂಗೆ ಶಿವರಾತ್ರಿ ಅಂದ್ರೇನು ಅಂತ ಕೇಳಿದ್ರೆ ‘ಸ್ಲೀಪ್‌ಓವರ್’ ಅನ್ನುತ್ತೆ!”

ಮೈಥಿಲಿ ಬೇಡವೆನ್ನಲಿಲ್ಲ. ತಲೆ ತಗ್ಗಿಸಿ ಉಪ್ಪಿಟ್ಟಿನಲ್ಲಿ ಬಟಾಣಿ ಹುಡುಕಿದಳು. ಅದನ್ನು ನೋಡಿ ಹೆಂಡತಿಯೂ ಅತ್ತೆಯ ಕಡೆಯೇ ಎಂದು ಮಹಾಬಲೇಶ್ವರನಿಗೆ ತಿಳಿಯಿತು. ಸಂಜೆ ಆಫೀಸಿನಿಂದ ಬಂದ ಕೂಡಲೇ ಬಾಗಿಲಲ್ಲಿ ಓಡಿಬಂದು ಕಾಲು ತಬ್ಬುವ ಮಗಳಿಲ್ಲದಿದ್ದರೆ ಆ ಮನೆಯೊಳಕ್ಕೆ ತಾನು ಹೆಜ್ಜೆ ಇಡುವುದಾದರೂ ಹೇಗೆ? ಅತ್ತೆಯ ಮಾತಿಗೆ ಎದುರಾಡುವ ಧೈರ್ಯ ಅವನಿಗಿರಲಿಲ್ಲ. ಬಾಯಿಯೊಂದು ಮಾತ್ರ ಇತ್ತು. ಆ ಬಾಯಿ ಎಂದಿನಂತೆ ತನ್ನ ಕೆಲಸ ಮಾಡಿಬಿಟ್ಟಿತು.

“ಹಬ್ಬ ಇಲ್ಲ ಅಂತ ಯಾರು ಹೇಳಿದ್ದತ್ತೆ? ಇದೇ ಭಾನುವಾರ ಇಲ್ಲಿ ದೊಡ್ಡ ಉತ್ಸವ. ಊರಿಗೆ ಊರೇ ಬೀದಿಗೆ ಬರುತ್ತೆ. ಕಲಶೋತ್ಸವ!”

“ಕಲಶೋತ್ಸವವೇ?” ಚಂದ್ರಪ್ರಭಮ್ಮನ ಹುಬ್ಬು ಮೇಲೇರಿತು.

ಇದು ಪೂರ್ತಿ ಬುರುಡೆಯಲ್ಲ ಎನ್ನುವುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಬಸ್ ಸ್ಟಾಪಿನಲ್ಲಿ ಅವನು ಒಂದು ಪೋಸ್ಟರ್ ನೋಡಿದ್ದ. ಅದರಲ್ಲಿ ಕಾರ್ನಿವಲ್ ಎಂದಿತ್ತು. ಕೆಳಗೆ ದುಂಡು ಹೊಟ್ಟೆಯ ಮಣ್ಣಿನ ಹೂಜಿಯ ಚಿತ್ರ, ಅದರಡಿ ‘ಕ್ರೌಕನ್‌ಸ್ಟಾಟ್’ ಎಂದು ದಪ್ಪಕ್ಷರ. ಕಾರ್ನಿವಲ್ ನಡೆಯುವಷ್ಟು ದಿನ ಟಿಲ್‌ಬರ್ಗ್ ತನ್ನ ಹೆಸರನ್ನು ಹಾಗೆ ಬದಲಿಸಿಕೊಳ್ಳುತ್ತದಂತೆ. ಜೇಬಿನ ಡಿಕ್ಷನರಿ ತೆಗೆದು ನೋಡಿದರೆ ಕ್ರೌಕ್ ಎಂದರೆ ಹೂಜಿ, ಸ್ಟಾಟ್ ಎಂದರೆ ಊರು. ಹೂಜಿಯನ್ನು ಕಲಶ ಮಾಡುವುದು, ಊರನ್ನು ನಗರ ಮಾಡುವುದು ಸಂಸ್ಕೃತ ಬಲ್ಲವನಿಗೆ ಎಷ್ಟರ ಕೆಲಸ?

“ಈ ಊರಿನ ಹಳೇ ಹೆಸರೇ ಕುಂಭನಗರ ಅಂತ” ಎಂದು ಮುಗಿಸಿದ.

“ಕುಂಭಮಾಸದಲ್ಲಿ, ಶಿವರಾತ್ರಿ ದಿನ, ಕುಂಭನಗರದಲ್ಲಿ ಕಲಶೋತ್ಸವ! ಮೊದಲೇ ಯಾಕೆ ಹೇಳಲಿಲ್ಲ ನೀವು?” ಅತ್ತೆ ಎದ್ದೇ ನಿಂತರು. “ನೋಡೋಣ. ಅಂಥ ಸಂಸ್ಕೃತಿ ಇರೋ ಊರಾದ್ರೆ ಮಗು ಇಲ್ಲೇ ಇರ್ಲಿ. ಇಲ್ಲದಿದ್ರೆ ನನ್ನ ಜೊತೆ ಟಿಕೆಟ್ ಮಾಡಿಸಿ.”

ಹೀಗೆ ಇಂಚರಾಳ ಭವಿಷ್ಯ ಒಂದು ಹೂಜಿಯ ಹೊಟ್ಟೆಯೊಳಗೆ ಹೋಗಿ ಕೂತಿತು.

ಶನಿವಾರ ಪಕ್ಕದ ಮನೆಯ ಟೂನ್ ಬೇಲಿಯ ಹತ್ತಿರ ಸಿಕ್ಕ. ರಿಟೈರಾದ ಮುದುಕ, ತೋಟದ ಕುಬ್ಜ ಬೊಂಬೆಗಳಿಗೆ ಬಣ್ಣ ಬಳಿಯುತ್ತ ದಿನ ಕಳೆಯುವವನು. ಇಂಗ್ಲಿಷ್ ಬಾರದು, ಅವನ ಡಚ್ಚೂ ಹಳ್ಳಿ ಕಡೆಯದು. ಅಂದು ಅವನ ತಲೆಯ ಮೇಲೆ ಉದ್ದ ಗರಿಗಳ ಟೋಪಿ ಇತ್ತು. ಕೊರಳಲ್ಲಿ ಪದಕ, ಪದಕದಲ್ಲಿ ಅದೇ ಹೂಜಿ. ಚಂದ್ರಪ್ರಭಮ್ಮ ಕೈ ಮುಗಿದರು. ಅವನು ಟೋಪಿ ತೆಗೆದು ಬಗ್ಗಿ, ಮಾರುದ್ದ ಮಾತಾಡಿದ. ಅದರಲ್ಲಿ ಮಹಾಬಲೇಶ್ವರನಿಗೆ ತಿಳಿದದ್ದು ‘ಹನ್ನೊಂದು’ ಎಂಬ ಒಂದು ಪದ. ಉತ್ಸವಕ್ಕೊಬ್ಬ ರಾಜಕುಮಾರ, ಹನ್ನೊಂದು ಜನರ ಮಂಡಳಿ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದು ನೆನಪಿತ್ತು.

“ಏನಂತೆ?” ಎಂದರು ಅತ್ತೆ.

“ಉತ್ಸವಕ್ಕೆ ಒಬ್ಬ ರಾಜಕುಮಾರ ಇರ್ತಾನಂತೆ. ಅವನ ಸುತ್ತ ಹನ್ನೊಂದು ಜನರ ಮಂಡಳಿ. ಇವರು ಅದರಲ್ಲಿ ಒಬ್ಬರು.”

“ಹನ್ನೊಂದೇ! ಏಕಾದಶ ರುದ್ರರು!”

“ಅದೇ ಅತ್ತೆ, ಅವರೂ ಅದನ್ನೇ ಅಂದದ್ದು.”

“ಅಪ್ಪಾ, ಟೂನ್ ಓಪಾ ಹಾಗೆ ಹೇಳ್ಲೇ ಇಲ್ಲ” ಎಂದಳು ಇಂಚರಾ. ಶಾಲೆಯಲ್ಲಿ ಡಚ್ ಮಕ್ಕಳ ಜೊತೆ ಜಗಳಾಡಿ ಭಾಷೆ ಕಲಿತ ಹುಡುಗಿ, ತಾತನಿಗೆ ಅವರ ಹಾಗೆಯೇ ‘ಓಪಾ’ ಎನ್ನುತ್ತಿದ್ದಳು. “ಅವರು ಹೇಳಿದ್ದು, ಐ ಹ್ಯಾವ್ ಬೀನ್ ಡ್ರಿಂಕಿಂಗ್ ಸಿನ್ಸ್ ಇಲೆವೆನ್ ಓಕ್ಲಾಕ್.”

ಮಹಾಬಲೇಶ್ವರ ಮಗಳ ಕೈಗೊಂದು ಚಾಕೊಲೇಟ್ ಕೊಟ್ಟು ಒಳಗೆ ಕಳಿಸಿದ. ಟೂನ್ ಅಷ್ಟರಲ್ಲಿ ಕೈ ಎತ್ತಿ “ಅಲಾಫ್!” ಎಂದು ಕೂಗಿದ.

“ಅಲಾಫ್ ಅಂದ್ರೆ?”

“ನಮ್ಮಲ್ಲಿ ಹರಹರ ಮಹಾದೇವ ಅಂತೀವಲ್ಲ, ಹಾಗೆ.”

ಚಂದ್ರಪ್ರಭಮ್ಮ ಭಕ್ತಿಯಿಂದ ಕೈ ಎತ್ತಿ “ಅಲಾಫ್” ಎಂದರು. ಮುದುಕ ಆನಂದದಿಂದ ಬೇಲಿಗೆ ಆತುಕೊಂಡ.

ಭಾನುವಾರ ಬೆಳಗ್ಗೆ ಮನೆಯಲ್ಲಿ ವೇಷದ ಗಲಾಟೆ. ಎಲ್ಲರೂ ಸಾಂಪ್ರದಾಯಿಕ ಉಡುಪಿನಲ್ಲಿ ಬರುತ್ತಾರೆ ಎಂದು ಮಹಾಬಲೇಶ್ವರ ಹೇಳಿಬಿಟ್ಟಿದ್ದ. ಆದ್ದರಿಂದ ಅವನೇ ಉಣ್ಣೆ ಪ್ಯಾಂಟಿನ ಮೇಲೆ ಜರಿ ಪಂಚೆ ಉಟ್ಟು, ಮದುವೆಯ ಮೈಸೂರು ಪೇಟ ಇಟ್ಟುಕೊಳ್ಳಬೇಕಾಯಿತು. ಇಂಚರಾಗೆ ಜೇನುಹುಳುವಿನ ವೇಷ ಬೇಕು, ಅಜ್ಜಿಗೆ ರೇಷ್ಮೆ ಲಂಗ ಬೇಕು. ಕೊನೆಗೆ ರೇಷ್ಮೆ ಲಂಗದ ಮೇಲೆ ಎರಡು ರೆಕ್ಕೆ ಕಟ್ಟಿ ರಾಜಿಯಾಯಿತು. ಚಂದ್ರಪ್ರಭಮ್ಮ ಮೈಸೂರು ಸಿಲ್ಕ್ ಸೀರೆ ಉಟ್ಟು, ಅದರ ಮೇಲೆ ಅಳಿಯನ ಓವರ್‌ಕೋಟು ಹಾಕಿ, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಎರಡು ಜೊತೆ ಸಾಕ್ಸು, ಕ್ಯಾನ್ವಾಸ್ ಶೂ ಏರಿಸಿ, ಕೈಯಲ್ಲಿ ಅರಿಶಿನ ಕುಂಕುಮ ಆರತಿತಟ್ಟೆ ಹಿಡಿದು ಹೊರಟರು. ಬೆಳಗಿನಿಂದ ಉಪವಾಸ. ಪುಣ್ಯವೇ ಆಯಿತೆನ್ನಿ, ಯಾಕೆಂದರೆ ದಾರಿಯುದ್ದಕ್ಕೂ ಜನ ತಿನ್ನಿ ತಿನ್ನಿ ಎಂದು ಹಿಡಿಯುತ್ತಿದ್ದ ಬಿಸಿ ಬನ್ನುಗಳೊಳಗೆ ಏನಿತ್ತು ಎಂಬುದನ್ನು ಶಿವರಾತ್ರಿಯ ದಿನ ಬರೆಯುವುದು ಬೇಡ.

ಊರಿನ ನಡುಬೀದಿ ಕಂಡು ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. ಬ್ಯಾಂಕಿನ ಕೌಂಟರಿನಲ್ಲಿ ನಗೆಯೇ ಕಾಣದ ಹೆಂಗಸು ಹಸುವಿನ ವೇಷ ತೊಟ್ಟು ಕುಣಿಯುತ್ತಿದ್ದಳು. ಪೋಸ್ಟ್‌ಮನ್ ಮದುಮಗಳಾಗಿದ್ದ. ಕಹಳೆ, ಡೋಲು, ಬೀದಿ ತುಂಬ ಹಾಡು, ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ ತೂಗಾಡುವ ಸಾಲು ಸಾಲು ಜನ.

“ನಮ್ಮ ದಸರಾನೇ ಕಣೇ ಮೈಥಿಲೀ! ಇಷ್ಟು ದಿನ ಈ ಜನ ಎಲ್ಲಿ ಅವಿತಿದ್ರು?” ಎಂದರು ಚಂದ್ರಪ್ರಭಮ್ಮ.

ಅವರ ಮುಖದ ಮೇಲಿನ ಬೆಳಕು ನೋಡಿ ಮಹಾಬಲೇಶ್ವರನಿಗೆ ಅರ್ಧ ಜೀವ ಬಂತು. ಉಳಿದರ್ಧ ಬರುವಷ್ಟರಲ್ಲಿ ಉಡುಪಿ ಕಡೆಯ ಸಂಕಪ್ಪ ಜನರ ನಡುವಿನಿಂದ ಹೊರಟುಬಂದ. ಇದೇ ಊರಿನ ಗೋದಾಮು ಕಂಪನಿಯಲ್ಲಿ ಎಂಜಿನಿಯರು, ಬಂದು ಹತ್ತು ವರ್ಷವಾದವನು, ಡಚ್ಚನ್ನು ನಿಜವಾಗಿಯೂ ಬಲ್ಲವನು. ಪಕ್ಕದಲ್ಲಿ ಹೆಂಡತಿ ಶುಭಾ.

“ಓಹೋ, ಎಂಥದು ಮಾರಾಯ್ರೆ, ಪೇಟ ಎಲ್ಲ ಉಂಟು!” ಎಂದ ಸಂಕಪ್ಪ.

ಅದೇ ಹೊತ್ತಿಗೆ ಮೆರವಣಿಗೆ ತಿರುವಿನಲ್ಲಿ ಕಾಣಿಸಿತು. ಎಲ್ಲಕ್ಕಿಂತ ಮುಂದೆ ಟ್ರ್ಯಾಕ್ಟರು ಎಳೆಯುವ ಬಂಡಿಯ ಮೇಲೆ ಎರಡಾಳೆತ್ತರದ ಹೂಜಿ, ಅದರ ಪಕ್ಕದಲ್ಲಿ ಗರಿಟೋಪಿಯ ರಾಜಕುಮಾರ, ಸುತ್ತ ಹನ್ನೊಂದು ರುದ್ರರು. ಬಂಡಿ ಇವರ ಎದುರೇ ನಿಂತಿತು. ಚಂದ್ರಪ್ರಭಮ್ಮನ ಕಣ್ಣಲ್ಲಿ ನೀರು ಬಂತು. “ಪೂರ್ಣಕುಂಭ!” ಎಂದವರೇ ಹಗ್ಗದ ಕೆಳಗೆ ನುಸುಳಿ ಬಂಡಿಯ ಹತ್ತಿರ ಹೋಗಿ, ಹೂಜಿಯ ಹೊಟ್ಟೆಗೆ ಕುಂಕುಮವಿಟ್ಟರು.

“ಅಯ್ಯಯ್ಯೋ, ಎಂಥ ಮಾಡ್ತಿದ್ದಾರೆ ಅವರು?” ಸಂಕಪ್ಪ ಮಹಾಬಲೇಶ್ವರನ ತೋಳು ಹಿಡಿದ. “ಆ ಹೂಜಿ ಎಂಥದ್ದು ಅಂತ ಗೊತ್ತುಂಟಾ ನಿಮಗೆ?”

“ಗೊತ್ತಿಲ್ಲದೆ ಏನು? ಪೂರ್ಣಕುಂಭ.”

“ಪೂರ್ಣ ಹೌದು. ಎಂಥದ್ದರಿಂದ ಪೂರ್ಣ ಅಂತ ಗೊತ್ತುಂಟಾ?”

ಸಂಕಪ್ಪ ಕಿವಿಗೆ ಬಾಯಿಟ್ಟು ಒಂದೇ ಒಂದು ಪದ ಹೇಳಿದ. ಮಹಾಬಲೇಶ್ವರನ ಪೇಟ ಒಂದು ಕಡೆಗೆ ವಾಲಿತು.

“ಉಚ್ಚೆಯೇ?”

“ಮೆಲ್ಲಗೆ ಮಾರಾಯ್ರೆ! ಹಿಂದೆ ಇಲ್ಲಿ ಉಣ್ಣೆ ಮಿಲ್ಲು ಇತ್ತು. ಉಣ್ಣೆ ತೊಳೀಲಿಕ್ಕೆ ಅದೇ ಬೇಕು. ಜನ ಮನೆಯಲ್ಲಿ ಹೂಜಿ ತುಂಬಿಸಿ ಕೊಡುವುದು. ಹಾಗಾಗಿ ಊರಿಗೆ ಈ ಹೂಜಿಯ ಹೆಸರು.”

ಅತ್ತೆಯನ್ನು ಹೇಗಾದರೂ ಎಳೆದು ತರೋಣವೆಂದು ಮಹಾಬಲೇಶ್ವರ ಪಂಚೆ ಎತ್ತಿ ಓಡಿದ. ಆದರೆ ಕಾಲ ಮಿಂಚಿತ್ತು. ಶಿವರಾತ್ರಿಯ ದಿನ ತುಂಬಿದ ಕೊಡ ಕಣ್ಣೆದುರು ಬಂದಿರುವಾಗ ಬಾಯಿ ಮುಚ್ಚಿ ನಿಲ್ಲುವ ಹೆಂಗಸು ಮೈಸೂರಿನಲ್ಲಿ ಹುಟ್ಟಿಲ್ಲ. ಚಂದ್ರಪ್ರಭಮ್ಮ ಮಂಕಿ ಕ್ಯಾಪು ತೆಗೆದು ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು ಹಾಡಲು ಶುರುಮಾಡಿದ್ದರು.

“ತುಂಬಿದ ಕೊಡ ಬಂತು, ತುಳುಕದೆ ಬಂತು,
ಎತ್ತಿರೇ ಆರತಿ, ಎತ್ತಿರೇ!”

ದಪ್ಪನೆಯ, ಎದೆಯಾಳದ ದನಿ. ಹತ್ತಿರವಿದ್ದವರು ಸುಮ್ಮನಾದರು. ಎರಡನೆಯ ಸಲ ‘ಎತ್ತಿರೇ’ ಬಂದಾಗ ಡೋಲಿನವನು ತಾಳ ಹಿಡಿದ. ಮೂರನೆಯ ಸಲಕ್ಕೆ ಕಹಳೆಯವರು ಸೇರಿಕೊಂಡರು. ನಾಲ್ಕನೆಯ ಸಲಕ್ಕೆ ಹಸುವಿನ ವೇಷದ ಬ್ಯಾಂಕಿನಾಕೆ ಮೊದಲುಗೊಂಡು ಇಡೀ ಬೀದಿ “ಎತ್ತಿರೇ, ಎತ್ತಿರೇ” ಎಂದು ಕೂಗುತ್ತ, ಯಾರೂ ಅರ್ಥ ಹೇಳಿಕೊಡದೆಯೇ, ಕೈಯಲ್ಲಿದ್ದದ್ದನ್ನು ಎತ್ತಿತು. ಕೈಯಲ್ಲಿದ್ದದ್ದು ಬಿಯರು.

“ನೋಡಿ ಅಳಿಯಂದ್ರೇ, ಎಲ್ಲರೂ ತೀರ್ಥ ಎತ್ತಿ ತೋರಿಸ್ತಿದ್ದಾರೆ!” ಎಂದರು ಚಂದ್ರಪ್ರಭಮ್ಮ. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

ಮಹಾಬಲೇಶ್ವರನಿಗೆ ನಿಜವೆಂಬುದು ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಗಿತ್ತು. ಅಷ್ಟರಲ್ಲಿ ರಾಜಕುಮಾರ ಬಂಡಿಯಿಂದ ಇಳಿದು, ಅತ್ತೆಯ ಕೆನ್ನೆಗೆ ಮೂರು ಮುತ್ತು ಕೊಡಲು ಬಗ್ಗಿದ. ಅವರು ಸಮಯಕ್ಕೆ ಸರಿಯಾಗಿ ಆರತಿತಟ್ಟೆ ಅಡ್ಡ ಹಿಡಿದದ್ದರಿಂದ ಅವನ ಮೂಗಿಗೆ ಕುಂಕುಮವಾಯಿತು. ಅಂದಿನ ಅತ್ಯುತ್ತಮ ಬೀದಿ ಹಾಡುಗಾರರ ಬಹುಮಾನವನ್ನು ಅವನು ಅಲ್ಲೇ ಸಾರಿ, ಅವರ ಕೈಗೆ ರಿಬ್ಬನ್ ಕಟ್ಟಿದ ಒಂದು ಕಂದು ಬಣ್ಣದ ಹೂಜಿ ಕೊಟ್ಟ. ಜನ ಚಪ್ಪಾಳೆ ತಟ್ಟಿ ತಟ್ಟಿ ನಿಲ್ಲಿಸಲೇ ಇಲ್ಲ.

ಚಂದ್ರಪ್ರಭಮ್ಮ ಹೂಜಿಯನ್ನು ಎದೆಗವಚಿಕೊಂಡರು. ದಾರಿಯಲ್ಲಿ ಎರಡೇ ಮಾತು ಆಡಿದರು. ಮೊದಲನೆಯದು: “ಮಗು ಇಲ್ಲೇ ಇರ್ಲಿ. ಇಂಥ ಊರು ಬಿಟ್ಟು ಯಾಕೆ ಬರ್ಬೇಕು?”

ಮಹಾಬಲೇಶ್ವರ ಸ್ವರ್ಗಕ್ಕೆ ಮೂರು ಗೇಣು ಎನ್ನುವಾಗ ಎರಡನೆಯದು ಬಂತು: “ಇವತ್ತು ಸಂಜೆ ಈಶ್ವರನಿಗೆ ಈ ಕಲಶದಲ್ಲೇ ಅಭಿಷೇಕ.”

ಬದುಕಿನಲ್ಲಿ ಮೊದಲ ಸಲ ಅವನಿಗೆ ದೇವರ ಭಯವಾಯಿತು. ಹೆಸರಾದರೂ ಎಂಥದ್ದು? ಮಹಾಬಲೇಶ್ವರ. ಸಾಕ್ಷಾತ್ ಗೋಕರ್ಣದ ಶಿವನ ಹೆಸರಿಟ್ಟುಕೊಂಡು, ಶಿವರಾತ್ರಿಯ ದಿನ, ಶಿವನ ತಲೆಗೆ ಆ ಹೂಜಿಯಿಂದ! ಹೊಸ ಹೂಜಿ, ಅದರೊಳಗೆ ಯಾರೂ ಏನೂ ಮಾಡಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿದ. ಮನಸ್ಸು ಕೇಳಲಿಲ್ಲ. ನಿಜ ಹೇಳಿಬಿಟ್ಟರೆ ಮಗಳು ಹೋಗುತ್ತಾಳೆ, ಹೇಳದಿದ್ದರೆ ಪುಣ್ಯ ಹೋಗುತ್ತದೆ.

“ಅತ್ತೆ, ಬೀದೀಲಿ ಹತ್ತು ಜನ ಮುಟ್ಟಿದ್ದು. ಮೈಲಿಗೆ” ಎಂದು ಅಡುಗೆಮನೆಯಲ್ಲಿ ಪ್ರಯತ್ನಿಸಿದ.

“ಹುಣಸೆಹಣ್ಣು ಹಾಕಿ ತಿಕ್ಕಿದೀನಿ. ಒಂದು ಹನಿ ಗೋಮೂತ್ರ ಇದ್ದಿದ್ರೆ ಪ್ರೋಕ್ಷಣೆ ಮಾಡ್ಬಹುದಿತ್ತು. ಈ ಊರಲ್ಲಿ ಅದೆಲ್ಲಿ ಸಿಗಬೇಕು?”

ಅವನಿಗೆ ಕೆಮ್ಮು ಹತ್ತಿಕೊಂಡಿತು. ಕೆಮ್ಮಿನ ನೆಪದಲ್ಲೇ ಹೂಜಿಯನ್ನು ಎತ್ತಿ ಕೈ ಜಾರಿಸಿದ. ಡಚ್ಚರು ಕಳ್ಳ ಕೆಲಸ ಮಾಡುವವರಲ್ಲ. ಹೂಜಿಗೆ ಏನೂ ಆಗಲಿಲ್ಲ, ಅದು ಬಿದ್ದ ಕಾಲಿನ ಹೆಬ್ಬೆರಳು ಮಾತ್ರ ಬದನೇಕಾಯಿಯಂತೆ ಊದಿತು.

“ನಿಮಗೇನಾಗಿದೆ ರೀ ಇವತ್ತು?” ಎಂದು ಮೈಥಿಲಿ ಐಸ್ ತಂದಿಟ್ಟಳು.

ಸಂಜೆ ದೇವರ ಮುಂದೆ ದೀಪ ಹಚ್ಚಿಯಾಯಿತು. ಟಿವಿಯ ಕೆಳಗಿನ ಕಪಾಟೇ ದೇವರಮನೆ. ತಟ್ಟೆಯಲ್ಲಿ ಪುಟ್ಟ ಸ್ಫಟಿಕದ ಲಿಂಗ, ಪಕ್ಕದಲ್ಲಿ ನೀರು ತುಂಬಿದ ಹೂಜಿ, ಅದರ ಕೊರಳಿಗೆ ಟ್ಯೂಲಿಪ್ ಹಾರ. ಸಂಕಪ್ಪ ದಂಪತಿ ಪ್ರಸಾದಕ್ಕೆಂದು ಬಂದರು. ಸಂಕಪ್ಪ ಹೂಜಿಯನ್ನು ನೋಡಿದ, ಮಹಾಬಲೇಶ್ವರನನ್ನು ನೋಡಿದ, ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕಿಟಕಿಯತ್ತ ತಿರುಗಿದ. ಅವನ ಬೆನ್ನು ಕುಲುಕುತ್ತಿತ್ತು. “ಎಂಥದು ನಿಮ್ಮದು?” ಎಂದು ಶುಭಾ ಗದರಿದಳು.

ಚಂದ್ರಪ್ರಭಮ್ಮ ಹೂಜಿಗೆ ಕೈ ಹಾಕಿದ್ದೇ ತಡ, ಬಾಗಿಲ ಗಂಟೆ ಹೊಡೆಯಿತು. ಹೊರಗೆ ಟೂನ್, ಗರಿಟೋಪಿ ಸಮೇತ, ಅಭಿನಂದಿಸಲು ಬಂದಿದ್ದ. ದೀಪ, ಹೂವು, ನಡುವೆ ತಮ್ಮೂರಿನ ಹೂಜಿ. ನೋಡಿದವನೇ ಮುದುಕ ಟೋಪಿ ತೆಗೆದ. ಆಮೇಲೆ ಭಾವುಕನಾಗಿ ಆ ಹೂಜಿಯ ಕಥೆ ಹೇಳತೊಡಗಿದ.

“ಏನಂತಾರೆ?” ಎಂದರು ಅತ್ತೆ.

“ಅದೇ, ಕುಂಭನಗರದ ಸ್ಥಳಪುರಾಣ” ಎಂದ ಮಹಾಬಲೇಶ್ವರ. ಬೆವರು ಪೇಟದೊಳಗಿಂದ ಇಳಿಯುತ್ತಿತ್ತು.

ಇಲ್ಲಿ ಯಾರಿಗೂ ಅರ್ಥವಾಗುತ್ತಿಲ್ಲವೆಂದು ಟೂನ್‌ಗೆ ಅನ್ನಿಸಿರಬೇಕು. ಅವನು ಒಳ್ಳೆಯ ಮನುಷ್ಯ. ಹೂಜಿಯನ್ನು ಎತ್ತಿಕೊಂಡು, ಎರಡು ಕಾಲು ಅಗಲಿಸಿ ನಿಂತು, ಅದನ್ನು ಪ್ಯಾಂಟಿನ ಎದುರು ಹಿಡಿದು, ಕಣ್ಣು ಮುಚ್ಚಿ, ತೃಪ್ತಿಯಿಂದ “ಸ್‌ಸ್‌ಸ್‌ಸ್” ಎಂದ.



“ಇದೇನಿದು?” ಚಂದ್ರಪ್ರಭಮ್ಮನ ದನಿ ಬಹಳ ಮೆತ್ತಗಿತ್ತು.

“ಅದು... ಗಂಗಾವತರಣ ಅತ್ತೆ” ಎಂದ ಮಹಾಬಲೇಶ್ವರ. ಮುಳುಗುವವನು ಕೊನೆಯ ಸಲ ಕೈ ಆಡಿಸಿದ. “ಶಿವನಿಂದ ಗಂಗೆ ಇಳಿದದ್ದನ್ನ ಅಭಿನಯ ಮಾಡಿ ತೋರಿಸ್ತಿದ್ದಾರೆ.”

“ಅಳಿಯಂದ್ರೇ, ಶಿವನ ಗಂಗೆ ಇಳಿದದ್ದು ತಲೆಯಿಂದ.”

ಕಿಟಕಿಯ ಬಳಿ ಸಂಕಪ್ಪ ಪರದೆ ಹಿಡಿದು ಕುಸಿದು ಕೂತ.

“ಇಂಚರಾ, ಬಾಮ್ಮಾ ಇಲ್ಲಿ. ಟೂನ್ ತಾತ ಏನು ಹೇಳ್ತಿದ್ದಾರೆ, ಇದ್ದದ್ದು ಇದ್ದ ಹಾಗೆ ಹೇಳು” ಎಂದರು ಅಜ್ಜಿ. ಮಹಾಬಲೇಶ್ವರ ಜೇಬು ತಡವಿದ. ಚಾಕೊಲೇಟ್ ಮುಗಿದಿತ್ತು.

ಜೇನುಹುಳುವಿನ ರೆಕ್ಕೆ ಇನ್ನೂ ಬಿಚ್ಚದ ಹುಡುಗಿ ಮುಂದೆ ಬಂದು ನಿಂತಳು. ಟೂನ್ ಹೇಳಿದ, ಅವಳು ಒಂದೊಂದೇ ಮಾತು ಇಟ್ಟಳು.

“ಟೂನ್ ಓಪಾನ ಅಜ್ಜಿ ಇದ್ರಂತೆ. ವೆರಿ ಪೂರ್ ಅಂತೆ. ಮನೇಲಿ ನೈನ್ ಮಕ್ಕಳು. ಎಲ್ಲರೂ ಜಗ್‌ನಲ್ಲಿ ಸುಸ್ಸು ಮಾಡ್ಬೇಕು. ಅಜ್ಜಿ ಅದನ್ನ ಎತ್ಕೊಂಡು ಮಿಲ್‌ಗೆ ಹೋಗಿ ಕೊಡ್ತಿದ್ರು. ಅದ್ರಲ್ಲಿ ಉಲ್ಲನ್ ವಾಶ್ ಮಾಡ್ತಾರೆ. ಅವರು ಕೊಟ್ಟಿದ್ರಲ್ಲಿ ಬ್ರೆಡ್ ತರ್ತಿದ್ರು. ಪಕ್ಕದೂರಿನವರು ನಗ್ತಿದ್ರಂತೆ, ನೀವು ಜಗ್‌ನಲ್ಲಿ ಸುಸ್ಸು ಮಾಡೋರು ಅಂತ. ಇವರು ತುಂಬ ಅತ್ರಂತೆ. ಆಮೇಲೆ ಅಳೋದು ನಿಲ್ಲಿಸಿ, ಹೌದು, ನಾವು ಅವರೇ ಅಂತ ಹಾಡು ಹೇಳಿದ್ರಂತೆ. ಅದಕ್ಕೆ ಈ ಹಬ್ಬ. ಅಷ್ಟೇ ಅಜ್ಜಿ.”

ಚಂದ್ರಪ್ರಭಮ್ಮ ಟೂನ್‌ನನ್ನೇ ನೋಡುತ್ತಿದ್ದರು.

“ಕೇಳಮ್ಮ ಅವರನ್ನ. ಅವರಜ್ಜಿ ಈ ಚಳೀಲಿ ಎಷ್ಟು ದೂರ ಹೊರ್ತಿದ್ರು ಅಂತ.”

ಇಂಚರಾ ಕೇಳಿದಳು. ಇದನ್ನು ಮುದುಕನ ಬಳಿ ಇದುವರೆಗೆ ಯಾರೂ ಕೇಳಿರಲಿಲ್ಲ. ಕಾಲುವೆಯ ಆಚೆ ದಡದಿಂದ, ಎರಡು ಕೈಗೂ ಒಂದೊಂದು, ಎಂದ.

“ಒಂಬತ್ತು ಮಕ್ಕಳ ಹೊಟ್ಟೆ ತುಂಬಿಸಿದ್ದು ಪೂರ್ಣಕುಂಭ ಅಲ್ಲದೆ ಇನ್ನೇನು?” ಎಂದರು ಚಂದ್ರಪ್ರಭಮ್ಮ. ಹಾಗೆಂದು ಅವರೇನೂ ಮಡಿ ಬಿಡುವವರಲ್ಲ. ಹೂಜಿಯನ್ನು ಟೂನ್ ಕೈಯಿಂದ ಇಸಿದುಕೊಂಡು, ನೀರನ್ನು ಸಿಂಕಿಗೆ ಚೆಲ್ಲಿ, ಊಟದ ಮೇಜಿನ ಮೇಲಿಟ್ಟರು. “ದೇವರಿಗೆ ತಾಮ್ರದ ಚೊಂಬು ಸಾಕು. ಇದು ದೇವರದ್ದಲ್ಲ, ನಂದು. ಇಷ್ಟು ವರ್ಷ ಅಡುಗೆಮನೇಲಿ ಹಾಡಿದ್ದೀನಿ. ಸ್ವಲ್ಪ ಮೆಲ್ಲಗೆ ಅಂದೋರೇ ಎಲ್ಲರೂ. ಇನ್ನೊಂದ್ಸಲ ಅಂದೋರು ಈ ಊರಿನವರೇ.”

ಆ ಮಾತಿಗೆ ಮೈಥಿಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಭಿಷೇಕ ತಾಮ್ರದ ಚೊಂಬಿನಿಂದಲೇ ಆಯಿತು. ಟೂನ್ ಎರಡೂ ಕೈ ಚಾಚಿ ತೀರ್ಥ ತೆಗೆದುಕೊಂಡು, ಕುಡಿದು, ಇದರಲ್ಲೇನೂ ಇಲ್ಲವಲ್ಲ ಎಂಬಂತೆ ನೋಡಿದ.

ಆಮೇಲೆ ಅತ್ತೆ ಅಳಿಯನ ಕಡೆ ತಿರುಗಿದರು. ಅವನು ಊದಿದ ಹೆಬ್ಬೆರಳನ್ನು ಪಂಚೆಯೊಳಗೆ ಅಡಗಿಸಿಕೊಂಡು ಗೋಡೆಗೆ ಅಂಟಿ ನಿಂತಿದ್ದ.

“ತುಂಬಿದ ಕೊಡ ತುಳುಕಲ್ಲ ಅಂತಾರೆ. ನೀವು ಬಹಳ ತುಳುಕಿದ್ರಿ ಅಳಿಯಂದ್ರೇ. ಕೇಳ್ತೀನಿ, ಬೇಜಾರಿಲ್ಲದೆ ಹೇಳಿ. ನಿಮಗೆ ಡಚ್ ಗೊತ್ತಾ?”

ಮಹಾಬಲೇಶ್ವರ ಮಗಳನ್ನು ನೋಡಿದ. ಬಾಯಿ ಅಭ್ಯಾಸಬಲದಿಂದ ‘ನೀರು ಕುಡಿದ ಹಾಗೆ’ ಎನ್ನಲು ಹೊರಟಿತು. ಅವನು ಅದನ್ನು ಬಲವಂತವಾಗಿ ತಡೆದ.

“ಗೊತ್ತಿಲ್ಲ” ಎಂದ.

ಆಕಾಶ ಬೀಳಲಿಲ್ಲ. ಹೆಬ್ಬೆರಳಿನ ನೋವು ಕೂಡ ಸ್ವಲ್ಪ ಕಡಿಮೆಯಾದಂತಿತ್ತು. ಮೂವತ್ತೈದು ವರ್ಷದಿಂದ ಕಟ್ಟಿಕೊಂಡಿದ್ದ ಬಿಗಿಯಾದ ಬೆಲ್ಟೊಂದನ್ನು ಬಿಚ್ಚಿದಂತೆ ಅವನ ಹೊಟ್ಟೆಯೊಳಗೆಲ್ಲ ಹಗುರಾಯಿತು. “ಏನೂ ಗೊತ್ತಿಲ್ಲ ಅತ್ತೆ. ಆವತ್ತು ಹಾಲು ಅಂತ ತಂದದ್ದು ಮಜ್ಜಿಗೆ.”

“ಅದು ನನಗೆ ಆವತ್ತೇ ಗೊತ್ತು.”

“ಹಾಗಾದ್ರೆ... ಇಂಚರಾ?”

ಚಂದ್ರಪ್ರಭಮ್ಮ ಮೊಮ್ಮಗಳ ರೆಕ್ಕೆ ಬಿಚ್ಚುತ್ತ ಹೇಳಿದರು: “ಅವಳನ್ನ ಹೇಗೆ ಕರ್ಕೊಂಡು ಹೋಗ್ಲಿ? ಈ ಮನೇಲಿ ನಿಜ ಹೇಳೋರು ಒಬ್ರಾದ್ರೂ ಬೇಕಲ್ಲ. ಇಲ್ಲೇ ಇರ್ಲಿ. ದಿನಾ ಸಂಜೆ ನಿಮಗೆ ಪಾಠ ಹೇಳಿಕೊಡ್ಲಿ.”

ಮಹಾಬಲೇಶ್ವರ ಹೋದ ಜೀವ ಬಂದವನಂತೆ ಪೇಟ ತೆಗೆದು ಕುರ್ಚಿಗೆ ಹಾಕಿ, ಅದೇ ಕುರ್ಚಿಯಲ್ಲಿ ಕೂತುಬಿಟ್ಟ. ಪೇಟದ ಮೇಲೇ ಕೂತದ್ದು ಮರುದಿನ ತಿಳಿಯಿತು.

ವಾರ ಕಳೆದು ಚಂದ್ರಪ್ರಭಮ್ಮ ಹೊರಟರು. ಹೂಜಿ ಸೀರೆಗಳ ನಡುವೆ ಬೆಚ್ಚಗೆ ಕೂತು ಮೈಸೂರು ತಲುಪಿತು. ತಲುಪಿದ ನಾಲ್ಕನೆಯ ದಿನ ಫೋನು ಬಂತು.

“ಹೂಜೀನ ಹಾಲ್‌ನಲ್ಲೇ ಷೋಕೇಸಲ್ಲಿ ಇಟ್ಟಿದೀನಿ” ಎಂದರು. “ನಿನ್ನೆ ಭಜನೆಯವರೆಲ್ಲ ಬಂದಿದ್ರು. ಎದುರುಮನೆ ಹಾಲಪ್ಪನವರು ಕೈ ಮುಗಿದು, ಇದೇನಮ್ಮ ಅಂತ ಕೇಳಿದ್ರು.”

“ನೀವೇನು ಹೇಳಿದ್ರಿ ಅತ್ತೆ?”



“ಪೂರ್ಣಕುಂಭ ಅಂದೆ.”

“ಅತ್ತೇ!”

“ಇನ್ನೇನು ಮಾಡ್ಲಿ ಅಳಿಯಂದ್ರೇ?” ಎಂದರು ಚಂದ್ರಪ್ರಭಮ್ಮ. “ನಿಜ ಹೇಳೋಕೆ ಇಲ್ಲಿ ಇಂಚರಾ ಇಲ್ವಲ್ಲ!”